ಅಂಗಡಿ 'ಕ'

ಮುಹರ್ರಕ್‌ನ ನಮ್ಮ ಓಣಿಯಲ್ಲಿ ರಾತ್ರಿ ಹನ್ನೊಂದಕ್ಕೂ
ಏಸಿಗಳು ತೊಟ್ಟಿಕ್ಕುತ್ತವೆ, ನಡೆಯುವವರ ತಲೆ ನೋಡಿ.
ಕೆಳಗೆ ಬೀರಾನಿಕ್ಕನ ಕೋಲ್ಡ್ ಸ್ಟೋರು,
ಮೇಲೆ ನಾನು, ಅಪ್ಪ, ಒಂದು ಅಡುಗೆ ಮೇಜು,
ಮೇಜಿನ ಮೇಲೆ ನಾಳೆ ಒಪ್ಪಿಸಬೇಕಾದ ಅಪರಾಧ.

ಅಪರಾಧಶಾಸ್ತ್ರ, ಎರಡನೇ ವರ್ಷ.
ಕೊಲೆ ಗಿಲೆ ಇರುತ್ತದೆ ಎಂದುಕೊಂಡು ಸೇರಿದ್ದೆ.
ಇಲ್ಲಿರುವುದು ಕೋಷ್ಟಕ. ಮಾದರಿಯ ಗಾತ್ರ.
ಯಾರನ್ನು ಕೇಳಿದೆ, ಯಾರನ್ನು ಬಿಟ್ಟೆ,
ಬಿಟ್ಟವರು ಯಾಕೆ ಬಾಗಿಲು ತೆಗೆಯಲಿಲ್ಲ.

ಡಾಕ್ಟರ್ ಬುದೂರ್ ಹೇಳಿಕೊಟ್ಟರು:
ಹೇಳಿದವನಿಗೆ ಒಂದು ಅಕ್ಷರ, ಹೇಳಿದ್ದಕ್ಕೆ ಒಂದು ಅಂಕಿ.
ಎ ಅಂದರೆ ನಂಬಬಹುದಾದ ಬಾಯಿ,
ಒಂದು ಅಂದರೆ ಬೇರೆ ಕಡೆಯಿಂದಲೂ ಸಿಕ್ಕ ಮಾತು.
ನಂಬಿಗಸ್ತನಿಗೂ ತಪ್ಪು ಸುದ್ದಿ ಸಿಕ್ಕಿರಬಹುದು,
ಸುಳ್ಳುಗಾರ ಬೆಂಕಿ ಅಂದರೂ ಒಮ್ಮೆ ತಿರುಗಿ ನೋಡಿ.
ಕಟ್ಟಕಡೆಗೆ ಎಫ್, ಆರು: ತೀರ್ಮಾನಿಸಲಾಗದು.

ಆ ವಾರವೆಲ್ಲ ಸಿಕ್ಕಸಿಕ್ಕವರಿಗೆ ಅಂಕ ಹಾಕಿದೆ.
ಫೋನಿನಲ್ಲಿ ಉಚ್ಚಿಲದ ಅತ್ತೆ: ಸಿ, ನಾಲ್ಕು.
ಸಂಬಳ ಸೋಮವಾರ ಖಂಡಿತ ಎನ್ನುವ ಅಪ್ಪನ ಫೋರ್‌ಮನ್: ಇ, ಐದು.
ಅಪ್ಪನ ಮೌನ: ಎಫ್, ಆರು.

ಹಡಗಿನ ತುಕ್ಕು ಕೆರೆದು ಬಂದ ಕೈ ತೊಳೆಯುತ್ತ ಅಪ್ಪ ನಕ್ಕ.
"ನೀರಡಿಯ ಕಲ್ಲನ್ನು ಹೇಗೆ ಗುರ್ತು ಹಿಡಿಯುತ್ತಿದ್ದೆವು, ಗೊತ್ತುಂಟಾ?
ದೀಪಸ್ತಂಭ ಗುಡ್ಡದ ಮೂಗಿಗೆ ಬರಬೇಕು,
ಇಗರ್ಜಿಯ ಶಿಲುಬೆ ಒಂಟಿ ತಾಳೆಯ ಹಿಂದೆ ಅಡಗಬೇಕು.
ಒಂದನ್ನೇ ನೋಡಿದವನ ಬಲೆ ಹರಿಯುತ್ತಿತ್ತು."
ನೋಟ್ಸಿನಲ್ಲಿ ಅದಕ್ಕೊಂದು ಉದ್ದದ ಹೆಸರಿದೆ.
ಪರೀಕ್ಷೆಗೆ ಐದು ಅಂಕ.

ಈ ಸಲದ ಅಭ್ಯಾಸ: ಹೆಸರು ಅಳಿಸಿದ ಇನ್ನೂರು ಸಾಲು.
ಎಲ್ಲವೂ 'ಪರಾರಿ'. ಮನೆಗೆಲಸದಿಂದ, ಗ್ಯಾರೇಜಿನಿಂದ, ಬೇಕರಿಯಿಂದ.
ಧಣಿ ದೂರು ಬರೆಸಿದ ದಿನಾಂಕ ಇದೆ,
ಹೊರಟುಹೋದವಳ ಕಾರಣಕ್ಕೆ ಕಾಲಮ್ಮೇ ಇಲ್ಲ.
ಕರೆಗಳನ್ನು ಗೆರೆಯಿಂದ ಜೋಡಿಸಿ. ಗಂಟು ಹುಡುಕಿ.

ಎಳೆದೆ. ಕೆಂಪು, ನೀಲಿ, ಮತ್ತೆ ಕೆಂಪು.
ನಡುರಾತ್ರಿಗೆ ಕಾಗದ ಜೇಡರಬಲೆ,
ಮೂವತ್ತೊಂದು ಎಳೆ ಒಂದೇ ಚುಕ್ಕೆಗೆ: ಅಂಗಡಿ 'ಕ'.
ಕ್ಷೌರದಂಗಡಿಯ ಎದುರು. ಮಸೀದಿಯ ಹಿಂಬದಿ.
ರಾತ್ರಿ ಎರಡರವರೆಗೆ ತೆರೆದಿರುತ್ತದೆ.

ಕಿಟಕಿಯಿಂದ ಬಗ್ಗಿದೆ.
ಬೀರಾನಿಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು
ಒಬ್ಬ ಹುಡುಗಿಗೆ ತನ್ನ ಫೋನು ಕೊಟ್ಟಿದ್ದ.
ಅವಳು ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದಳು,
ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೆ ಬೇರೆಯದು.

ಊಹೆ ಒಂದು: ದಲ್ಲಾಳಿ. ತಲೆಗಿಷ್ಟು ಎಂದು ಸಾಗಿಸುವವ.
ಊಹೆ ಎರಡು: ರೀಚಾರ್ಜನ್ನೂ ಸಾಲ ಕೊಡುವ ಮುದುಕ.
ಕರೆಗಳು: ಎರಡಕ್ಕೂ ಹೊಂದುತ್ತವೆ.
ಹೊತ್ತು: ಎರಡಕ್ಕೂ ಹೊಂದುತ್ತದೆ.
ಉದ್ರಿ ಪುಸ್ತಕದ ಕೊನೆಯಲ್ಲಿ ಹೆಸರಿಲ್ಲದ ಮೊತ್ತಗಳು,
ನಾನೇ ಒಮ್ಮೆ ಕಂಡದ್ದು:
ಅಯ್ಯೋ, ಎರಡಕ್ಕೂ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ.
ಪ್ರಮಾಣಿಸುವುದು ಹೇಗೆ? ಇಳಿದು ಹೋಗಿ ಕೇಳಲೆ?
ಕೇಳಿದರೆ ಅದು ಸಂದರ್ಶನ, ಒಪ್ಪಿಗೆ ಪತ್ರ ಬೇಕು.
ಕೇಳದಿದ್ದರೆ ಅದು ವರದಿ.

ಇಳಿದೆ. ಮೊಸರು ಬೇಕು ಅಂದೆ.
"ನಿದ್ದೆ ಇಲ್ವಾ ಮೋಳೇ?" ಎನ್ನುತ್ತ ಪುಸ್ತಕ ತೆಗೆದ,
ಕಾಂಚನ್ ಎಂಬ ಹೆಸರಿನ ಕೆಳಗೆ ಇನ್ನೂರು ಫಿಲ್ಸ್ ಕೂಡಿಸಿದ.
ಹುಡುಗಿ ಇರಲಿಲ್ಲ.
ಫೋನು ಫ್ರಿಜ್ಜಿನ ಮೇಲಿತ್ತು,
ಇನ್ನೂ ಬೆಚ್ಚಗಿತ್ತೋ ಏನೋ. ಮುಟ್ಟಲಿಲ್ಲ.

ಬೆಳಗಿನ ಬಾಂಗಿನ ಹೊತ್ತಿಗೆ ಬರೆದು ಮುಗಿಸಿದೆ.
ಗಂಟು ಇದೆ ಎಂದೆ.
ಯಾತರ ಗಂಟು ಎನ್ನಲಿಲ್ಲ.
ಇನ್ನೂರು ಸಾಲಿನ ಪಕ್ಕಕ್ಕೂ, ಯಾರೂ ಕೇಳದಿದ್ದರೂ,
'ಕಾರಣ' ಎಂದು ಒಂದು ಕಾಲಂ ಎಳೆದು
ಖಾಲಿ ಬಿಟ್ಟೆ.
ಕೊನೆಗೆ ಚಿಕ್ಕ ಅಕ್ಷರದಲ್ಲಿ ಅಡಿಟಿಪ್ಪಣಿ:
ವಿಶ್ಲೇಷಕಿಯ ಮನೆಯಿಂದ ಅಂಗಡಿ 'ಕ'ಗೆ
ಮೂರು ದಿನಾರ್ ಆರುನೂರು ಫಿಲ್ಸ್ ಬಾಕಿ ಇದೆ.
ಈ ಮೂಲಕ್ಕೆ ತಾವೇ ಅಕ್ಷರ ಹಾಕಿಕೊಳ್ಳತಕ್ಕದ್ದು.